ಅರಮನೆಯ ಧ್ವನಿಮುದ್ರಿಕೆಗಳು: ಸಂಗ್ರಾಹಕರ ಇತಿಹಾಸದಲ್ಲೊಂದು ಅಧ್ಯಾಯ

ಬೆಂಗಳೂರಿನ ಪಶ್ಚಿಮಕ್ಕೆ, ಆಂಜನೇಯನ ಗುಡ್ಡದ ಸುತ್ತ ಹಬ್ಬಿರುವ ಮಹಾಲಕ್ಷ್ಮಿ ಲೇಔಟಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿ ಹೊಸದಾಗಿ ಕಟ್ಟಿಸುವ ಸಂದರ್ಭದಲ್ಲಿ, ಅಟ್ಟದಿಂದ ಇಳಿಸಿದ ಗ್ರಾಮಫೋನ್ ತಟ್ಟೆಗಳ ಕಟ್ಟೊಂದನ್ನು ನೋಡುವ ಅವಕಾಶ ನಮಗೆ ಒದಗಿತು. ಗುಜರಿಯವನು ಪಾತ್ರೆಪಡಗಗಳನ್ನು ತೂಗಿ ಕೊಂಡು, ಇವುಗಳಿಂದ ತನಗೇನೂ ಗಿಟ್ಟದೆಂದು ಬಿಟ್ಟುಹೋಗಿದ್ದನು. ನಾಟಕದ ಹಾಡುಗಳು, ಪಿಟೀಲು ವಾದನ, ಕಂಟೋನ್ಮೆಂಟಿನ ಕಡೆಯಿಂದ ಬಂದಿರಬಹುದಾದ ಒಂದೆರಡು ನರ್ತನವಾದ್ಯಗಳ ತಟ್ಟೆಗಳು, ಎಲ್ಲವೂ ಒಂದರ ಮೇಲೊಂದು ಕುಳಿತು ಧೂಳಿನಿಂದ ಅಂಟಿಕೊಂಡಿದ್ದವು. ಹಲವು ತಟ್ಟೆಗಳ ನಡುವಣ ಕಾಗದದ ಚೀಟಿಯನ್ನು ಹುಳು ತಿಂದುಹಾಕಿದ್ದಿತು. ಹಾಡಿದವರು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಎಂದು ಕೇಳಿದರೆ ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಕೊಂಡು ತಂದ ಹಿರಿಯರು ತೀರಿಕೊಂಡು ಬಹುಕಾಲವಾಗಿದ್ದಿತು.

ನಮ್ಮ ಸಂಗೀತದ ಇತಿಹಾಸಗಳಲ್ಲಿ ವಾಗ್ಗೇಯಕಾರರಿಗೆ ಸ್ಥಾನವಿದೆ. ಗಾಯಕ ವಾದಕರಿಗೆ ಸ್ಥಾನವಿದೆ. ಆಶ್ರಯವಿತ್ತ ಅರಸರಿಗಂತೂ ಮೊದಲ ಪುಟವೇ ಮೀಸಲು. ಕೇಳಿದವನ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಕಛೇರಿಯ ಕಾಲದಲ್ಲಿ ಇದು ಸಹಜವೇ ಆಗಿದ್ದಿತು. ಕೇಳಿದವನು ಎದ್ದುಹೋದ ಮೇಲೆ ಅವನ ಗುರುತೇನೂ ಉಳಿಯುತ್ತಿರಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಿಂದೀಚೆಗೆ ಹೊಸ ಬಗೆಯ ಕೇಳುಗನೊಬ್ಬನು ಹುಟ್ಟಿಕೊಂಡನು. ಇವನು ಸಂಗೀತವನ್ನು ತಟ್ಟೆಯ ರೂಪದಲ್ಲಿ ಕೊಂಡು ಮನೆಯಲ್ಲಿಟ್ಟುಕೊಂಡನು. ತನ್ನಂತೆಯೇ ಕೊಂಡವರಿಗೆ ಕಾಗದ ಬರೆದನು. ಯಾವುದು ಮೇಲು, ಯಾವುದು ನಕಲು, ಯಾರು ನುಡಿಸಿದ್ದು ಎಂದು ವಾದಮಾಡಿದನು. ಕೆಲವು ಸಂಗೀತಗಳು ಇಂದು ನಮಗೆ ಉಳಿದಿರುವುದಕ್ಕೆ, ಅಷ್ಟೇಕೆ, ಅವು ಮುದ್ರಣವಾದುದಕ್ಕೇ ಈ ಕೇಳುಗನು ಕಾರಣನೆಂಬುದು ನಮ್ಮ ಅಭಿಪ್ರಾಯ. ಕರ್ನಾಟಕದಲ್ಲಿ ಇದಕ್ಕೆ ದೊರೆಯುವ ಅತ್ಯಂತ ದೊಡ್ಡ ನಿದರ್ಶನ ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜ ಒಡೆಯರದು. ಅವರ ಕೀರ್ತನರಚನೆಯನ್ನು ಕುರಿತು ಬರೆದವರಿದ್ದಾರೆ. ಅವರು ತಟ್ಟೆಗಳ ಸಂಗ್ರಾಹಕರಾಗಿದ್ದರೆಂಬ ಸಂಗತಿಯನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಅದಕ್ಕೆ ಮುಂಚೆ ತಟ್ಟೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮೇಣದ ಫಲಕಗಳ ಮೇಲೆ ಹಿಡಿದರು. ಆಗ ವಿದ್ಯುತ್ತಿನ ಸಹಾಯವಿರಲಿಲ್ಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿದ್ದಿತು. ಆ ಧ್ವನಿಯ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣವನ್ನು ಕೊರೆಯುತ್ತಿದ್ದಿತು. ಏರುಕಂಠದವರಿಗೆ ಇದು ಒಗ್ಗಿತು. ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಒಗ್ಗಲಿಲ್ಲ. ಮೈಕ್ರೊಫೋನಿನ ಮೂಲಕ ಮುದ್ರಿಸುವ ಕ್ರಮ ಬಂದುದು 1925ರಲ್ಲಿ. ವೀಣೆ ಶೇಷಣ್ಣನವರು ತೀರಿಕೊಂಡುದು 1926ರಲ್ಲಿ. ಮೈಸೂರಿನ ವೈಣಿಕ ಪರಂಪರೆಯ ದೃಷ್ಟಿಯಿಂದ ಈ ಎರಡು ವರ್ಷಗಳ ಸಾಮೀಪ್ಯ ಒಂದು ದುರ್ದೈವವೆಂದೇ ಹೇಳಬೇಕು.

ಕಲ್ಕತ್ತೆಯಲ್ಲಿ ಕೊರೆದ ಮೇಣದ ಫಲಕಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಅಲ್ಲಿ ತಟ್ಟೆಗಳನ್ನು ಒತ್ತುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾಗುವವರೆಗೂ ಇದೇ ಏರ್ಪಾಡು. ಹ್ಯಾನೋವರಿನ ಕೆಲಸಗಾರರಿಗೆ ಯಾವ ಫಲಕ ಯಾರದೆಂದು ತಿಳಿಯಬೇಕಲ್ಲವೆ? ಆದುದರಿಂದ ಹಾಡು ಮುಗಿದೊಡನೆ ಗಾಯಕರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುವ ಪದ್ಧತಿ ಬಂದಿತು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ಈ ತಟ್ಟೆಗಳ ಕೊನೆಯಲ್ಲಿ ಇಂದಿಗೂ ಕೇಳಬಹುದು. ಕಂಪನಿಯ ಗುಮಾಸ್ತನ ಅನುಕೂಲಕ್ಕಾಗಿ ಹೇಳಿದ ಈ ಒಂದು ಮಾತು ಇತಿಹಾಸಕಾರನಿಗೆ ಹಾಡಿನಷ್ಟೇ ಬೆಲೆಯುಳ್ಳದ್ದಾಗಿದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಅವರ ಬಾಳಿನ ಕೊನೆಯ ದಿನಗಳು ಕಳೆದುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಬರಮಾಡಿಕೊಂಡರು. 1930ರ ಜನವರಿಯಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಹೆಸರಿನ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಮುಂದೆ ಚೀಟಿಗಳ ಮೇಲೆ ಹೆಸರು ಅಚ್ಚಾಗತೊಡಗಿದ ಮೇಲೆಯೂ ಅವು ನಂಬತಕ್ಕವಾಗಿರಲಿಲ್ಲ. 1930ರ ದಶಕದ ಆರಂಭದ ಕೆಲವು ತಟ್ಟೆಗಳ ಮೇಲೆ ‘ಗಾಂಧಾರಿ, ಹುಬ್ಬಳ್ಳಿ’ ಎಂಬ ಹೆಸರು ಕಾಣುತ್ತದೆ. ಆ ಗಾಯಕಿ ಬೇರೆ ಯಾರೂ ಅಲ್ಲ, ಗಂಗೂಬಾಯಿ ಹಾನಗಲ್ಲರು. ಮುಂದೆ ಅವರ ಧ್ವನಿ ಗಡುಸಾಗಿ ತಗ್ಗಿಗೆ ಇಳಿದುದರಿಂದ, ಚೀಟಿಯನ್ನು ಮಾತ್ರ ನಂಬುವವನು ಇವರಿಬ್ಬರೂ ಬೇರೆ ಬೇರೆ ಎಂದೇ ಬಗೆದಾನು. ಇನ್ನು ಹಾರ್ಮೋನಿಯಂ, ತಬಲ, ಮೃದಂಗ, ಪಿಟೀಲುಗಳಲ್ಲಿ ಪಕ್ಕವಾದ್ಯ ನುಡಿಸಿದವರ ಹೆಸರನ್ನು ಕೊಡುವುದು ಅಪರೂಪವಾಗಿದ್ದಿತು. ನಾಟಕ ಕಂಪನಿಗಳ ತಟ್ಟೆಗಳಲ್ಲಿ ನಟನ ಹೆಸರಿದ್ದರೆ ಅದೇ ಹೆಚ್ಚು.

ಇದೇ ಕಾಲದಲ್ಲಿ ಅಮೆರಿಕದ ಜಾಝ್ ತಟ್ಟೆಗಳ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. 1923ರಲ್ಲಿ ಕಿಂಗ್ ಆಲಿವರ್ ಎಂಬ ಕಾರ್ನೆಟ್ ವಾದಕರ ಮೇಳವು ಇಂಡಿಯಾನಾದ ರಿಚ್ಮಂಡ್ ಎಂಬ ಸಣ್ಣ ಊರಿನಲ್ಲಿ ಕೆಲವು ತಟ್ಟೆಗಳನ್ನು ಮಾಡಿತು. ಚೀಟಿಯ ಮೇಲೆ ಇದ್ದುದು ಮೇಳದ ಹೆಸರು ಮಾತ್ರ. ಅದರಲ್ಲಿ ಎರಡನೆಯ ಕಾರ್ನೆಟನ್ನು ಊದಿದವರು ಆಗಿನ್ನೂ ಇಪ್ಪತ್ತೊಂದು ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಯಾವ ಸ್ವರ ಆಲಿವರರದು, ಯಾವುದು ಆರ್ಮ್‌ಸ್ಟ್ರಾಂಗರದು ಎಂದು ಕೇಳಿಯೇ ನಿರ್ಧರಿಸಬೇಕಾಗಿದ್ದಿತು. ನಿರ್ಧರಿಸಿದವರು ಪಂಡಿತರಲ್ಲ, ವಿಶ್ವವಿದ್ಯಾನಿಲಯಗಳವರಲ್ಲ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ತಟ್ಟೆಗಳನ್ನು ಹುಡುಕಿ ತೆಗೆದ ಹವ್ಯಾಸಿಗಳು. ನಮ್ಮಲ್ಲಿ ರಸಿಕರು ಬಾನಿಯನ್ನು ಕೇಳಿ ಶಿಷ್ಯಪರಂಪರೆಯನ್ನು ಹೇಳುವಂತೆ ಅವರು ಊದುವ ರೀತಿಯನ್ನು ಕೇಳಿ ವ್ಯಕ್ತಿಯನ್ನು ಹೇಳಿದರು. ಒಬ್ಬರಿಗೊಬ್ಬರು ಕಾಗದ ಬರೆದು ಒಪ್ಪಿದರು, ಜಗಳವಾಡಿದರು. ಈ ಪತ್ರವ್ಯವಹಾರದ ಫಲವಾಗಿ ಪ್ಯಾರಿಸಿನ ಷಾರ್ಲ್ ದೆಲೋನೆ 1936ರಲ್ಲಿ ಜಾಝ್ ತಟ್ಟೆಗಳ ಸೂಚಿಯೊಂದನ್ನು ಪ್ರಕಟಿಸಿದರು. ತಟ್ಟೆ, ದಿನಾಂಕ, ನುಡಿಸಿದವರ ಪಟ್ಟಿ ಎಂಬ ಕ್ರಮ ನೆಲೆಗೊಂಡುದು ಇಂಥ ಸೂಚಿಗಳಿಂದಲೇ. ಶಾಸನಗಳ ವಿಷಯದಲ್ಲಿ ನಮ್ಮ ಎಪಿಗ್ರಾಫಿಯಾ ಸಂಪುಟಗಳು ಮಾಡಿದ ಕೆಲಸವನ್ನೇ ಇವು ತಟ್ಟೆಗಳ ವಿಷಯದಲ್ಲಿ ಮಾಡಿದುವು ಎಂದರೆ ಅತಿಶಯೋಕ್ತಿಯಾಗದು.

ನ್ಯೂಯಾರ್ಕಿನ ಮಿಲ್ಟ್ ಗೇಬ್ಲರ್ ಎಂಬ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇವರ ಕಮೊಡೊರ್ ಅಂಗಡಿ ಸಂಗ್ರಾಹಕರು ಸೇರಿ ಹರಟುವ ಜಗಲಿಯಂತಿದ್ದಿತು. ಮಾರುಕಟ್ಟೆಯಿಂದ ಕಣ್ಮರೆಯಾಗಿದ್ದ ತಟ್ಟೆಗಳನ್ನು ಇವರು ಮರುಮುದ್ರಿಸಿ, ಚೀಟಿಯ ಮೇಲೆ ಮೇಳದ ಪ್ರತಿಯೊಬ್ಬ ವಾದಕನ ಹೆಸರನ್ನೂ ಅಚ್ಚುಮಾಡಿಸಿದರು. 1938ರ ಜನವರಿಯಿಂದ ತಾವೇ ಹೊಸ ತಟ್ಟೆಗಳನ್ನು ಮಾಡಿಸತೊಡಗಿದರು. 1939ರಲ್ಲಿ ಬಿಲ್ಲಿ ಹಾಲಿಡೇ ಎಂಬ ಗಾಯಕಿ, ಕಪ್ಪುಜನರನ್ನು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕ್ರೌರ್ಯವನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಎಂಬ ಹಾಡನ್ನು ಮುದ್ರಿಸಬೇಕೆಂದಾಗ ಅವರ ಕಂಪನಿಯಾದ ಕೊಲಂಬಿಯ ಹಿಂದೆಗೆಯಿತು. ಮುದ್ರಿಸಿದವರು ಗೇಬ್ಲರ್. ದೊಡ್ಡ ಕಂಪನಿಯ ಲೆಕ್ಕಕ್ಕೆ ನಷ್ಟವೂ ಅಪಾಯವೂ ಆಗಿ ಕಂಡುದು ಸಂಗ್ರಾಹಕರ ಅಂಗಡಿಗೆ ಕರ್ತವ್ಯವಾಗಿ ಕಂಡಿತು.

ಯೂರೋಪಿನ ಶಾಸ್ತ್ರೀಯ ಸಂಗೀತದ ಕ್ಷೇತ್ರದಲ್ಲಿ ಇದೇ ಕಾರ್ಯ ಬೇರೊಂದು ಮಾರ್ಗದಿಂದ ನಡೆಯಿತು. 1923ರಲ್ಲಿ ಕಾಂಪ್ಟನ್ ಮೆಕೆಂಜಿ ಎಂಬ ಕಾದಂಬರಿಕಾರರು ಲಂಡನ್ನಿನಲ್ಲಿ ‘ಗ್ರಾಮಫೋನ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದರ ಓದುಗರ ಪತ್ರಗಳ ಅಂಕಣವೇ ದೂರದೂರದ ಕೇಳುಗರಿಗೆ ಸಭಾಮಂಟಪವಾಯಿತು. ಮರುವರ್ಷ ಓದುಗರಿಂದ ಚಂದಾ ಕೂಡಿಸಿ, ಕಂಪನಿಗಳು ಮುಟ್ಟದಿದ್ದ ಕೃತಿಗಳನ್ನು ಮುದ್ರಿಸುವ ಸಂಘವೊಂದನ್ನು ಅವರು ಕಟ್ಟಿದರು. 1931ರಲ್ಲಿ ವಾಲ್ಟರ್ ಲೆಗ್ ಎಂಬ ಇಪ್ಪತ್ತೈದು ವರ್ಷದ ತರುಣರು ಇದೇ ಉಪಾಯವನ್ನು ಎಚ್.ಎಂ.ವಿ. ಕಂಪನಿಯೊಳಗೇ ತಂದರು. ಆಸ್ಟ್ರಿಯದ ಹ್ಯೂಗೋ ವೋಲ್ಫರ ಗೀತಗಳನ್ನು ಕೊಳ್ಳುವವರು ಐನೂರು ಮಂದಿ ಮುಂಗಡ ಹಣ ಕಟ್ಟಿದರೆ ಮುದ್ರಿಸತಕ್ಕದ್ದು, ಇಲ್ಲವಾದರೆ ಇಲ್ಲ ಎಂಬ ಕರಾರು. ಐನೂರು ಮಂದಿ ದೊರೆತರು. ಅವರಲ್ಲಿ ಬಹುಮಂದಿ ಜಪಾನಿನವರೆಂಬುದು ಗಮನಾರ್ಹ. ಬೇಥೋವನರ ಮೂವತ್ತೆರಡು ಪಿಯಾನೊ ಸೊನಾಟಗಳನ್ನು ಆರ್ಟುರ್ ಷ್ನಾಬೆಲ್ ಪೂರ್ತಿಯಾಗಿ ಮುದ್ರಿಸಿದುದೂ ಇಂಥ ಚಂದಾಸಂಘದ ಬಲದಿಂದ. ಕನ್ನಡದಲ್ಲಿ ಪುಸ್ತಕಪ್ರಕಟಣೆಗೆ ಹಿರಿಯರು ಮುಂಗಡ ಚಂದಾದಾರರನ್ನು ಕೂಡಿಸುತ್ತಿದ್ದುದನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು.

ಈ ಹಿನ್ನೆಲೆಯಲ್ಲಿ ಮೈಸೂರಿಗೆ ಬರೋಣ. ಜಯಚಾಮರಾಜ ಒಡೆಯರು ಹುಟ್ಟಿದುದು 1919ರಲ್ಲಿ. ಅರಮನೆಯಲ್ಲಿ ಕರ್ನಾಟಕ ಸಂಗೀತದ ಮೇಳವೂ ಇಂಗ್ಲಿಷ್ ಬ್ಯಾಂಡೂ ಜೊತೆಜೊತೆಯಾಗಿದ್ದ ಕಾಲ ಅದು. ಬಾಲ್ಯದಿಂದಲೂ ಪಿಯಾನೊ ಅಭ್ಯಾಸ ಮಾಡಿದ ಅವರಿಗೆ ಕಛೇರಿ ಕೊಡುವ ಪಿಯಾನೊ ವಾದಕರಾಗಬೇಕೆಂಬ ಹಂಬಲವಿದ್ದಿತು. 1940ರ ಮಾರ್ಚಿನಲ್ಲಿ ತಂದೆಯವರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ, ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿಯವರೂ ತೀರಿಕೊಂಡುದರಿಂದ ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ ಪ್ರಾಪ್ತವಾಯಿತು. ಪಿಯಾನೊ ಹಿಂದಕ್ಕೆ ಸರಿಯಿತು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯೂ ಟ್ರಿನಿಟಿ ಕಾಲೇಜಿನ ಗೌರವ ಸದಸ್ಯತ್ವವೂ ದೊರೆತವು. ವಾದಕನಾಗಬೇಕೆಂದಿದ್ದವನು ಕೇಳುಗನಾಗಿ ಉಳಿದಾಗ ಆ ಕೇಳುವಿಕೆಯಲ್ಲಿ ಒಂದು ತೀವ್ರತೆ ಇರುತ್ತದೆ. ಅರಮನೆಯ ತಟ್ಟೆಗಳ ಸಂಗ್ರಹ ಬೆಳೆದುದು ಈ ತೀವ್ರತೆಯಿಂದಲೇ ಎಂದು ನಮಗೆ ತೋರುತ್ತದೆ. 1950ರ ವೇಳೆಗೆ ಅದರ ಸಂಖ್ಯೆಯನ್ನು ಸುಮಾರು 20,000ವೆಂದು ಅಂದಾಜು ಮಾಡಿದ್ದರು. ಒಂದು ಮುಖಕ್ಕೆ ನಾಲ್ಕು ನಿಮಿಷವೆಂದರೂ, ಊಟ ನಿದ್ರೆಗಳನ್ನು ಬಿಟ್ಟು ಹಗಲಿರುಳು ಕೇಳಿದರೆ ನೂರು ದಿನಗಳಿಗೆ ಮೀರಿದ ಸಂಗೀತ.

ಕೊಳ್ಳುವುದು ಮುಗಿದು ಮಾಡಿಸುವುದು ಆರಂಭವಾದುದು 1946ರಲ್ಲಿ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರರು ಆಗ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯಲ್ಲಿ ವಾಸವಾಗಿದ್ದರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ತರುವಾಯ ದೇಶಬಿಟ್ಟು, ಜರ್ಮನಿ ಫ್ರಾನ್ಸುಗಳಲ್ಲಿ ಅಲೆದು, 1930ರ ದಶಕದ ನಡುವಿನಲ್ಲಿ ಇಂಗ್ಲೆಂಡಿಗೆ ಬಂದವರು. ರಾಖ್ಮಾನಿನೋವರ ಸ್ನೇಹ ಮೆಚ್ಚಿಕೆಗಳಿಗೆ ಪಾತ್ರರಾಗಿದ್ದರೂ ಕಾಲದ ಹೊಸ ರೀತಿಗಳನ್ನು ಒಪ್ಪದೆ ಹಳೆಯ ಮಾರ್ಗವನ್ನೇ ಹಿಡಿದಿದ್ದುದರಿಂದ ಅವರ ಕೃತಿಗಳಿಗೆ ಕೇಳುಗರು ವಿರಳ. ಕಂಪನಿಗಳಿಗೆ ಅವುಗಳಲ್ಲಿ ಲಾಭವಿಲ್ಲ. ಯುದ್ಧಕಾಲದಲ್ಲಿ ಹೃದ್ರೋಗವೂ ಅಂಟಿಕೊಂಡಿದ್ದಿತು. ಹೀಗಿರುವಲ್ಲಿ, ಅವರು ಕಂಡೇ ಇರದ ಮೈಸೂರೆಂಬ ಊರಿನಿಂದ, ಅವರ ಕೃತಿಗಳನ್ನೆಲ್ಲ ಸಾಧ್ಯವಾದಷ್ಟೂ ಅವರ ಕೈಯಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ಅರಸರು ವಹಿಸುವರೆಂಬ ಸುದ್ದಿ ಬಂದಿತು.

ಹೀಗೆ ಹುಟ್ಟಿದುದು ಮೆಟ್ನರ್ ಸೊಸೈಟಿ. ಹೆಸರು ಹಿಂದಿನ ಚಂದಾಸಂಘಗಳದೇ. ಒಳಗಿನ ವ್ಯವಸ್ಥೆ ಮಾತ್ರ ಬೇರೆ. ವೋಲ್ಫ್ ಸಂಘಕ್ಕೆ ಐನೂರು ಮಂದಿ ಬೇಕಾಗಿದ್ದ ಕಡೆ ಇಲ್ಲಿ ಒಬ್ಬರೇ ಸಾಕಾದರು. 1947ರಲ್ಲಿ ಮೆಟ್ನರ್ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ತಮ್ಮ ಮೂರು ಪಿಯಾನೊ ಕನ್ಚರ್ಟೊಗಳನ್ನೂ ನುಡಿಸಿ ಮುದ್ರಿಸಿದರು. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ನಿರ್ದೇಶಕರು. ಆಗ ವಾದಕರಿಗೆ ಅರುವತ್ತೇಳು ವರ್ಷ. ನಾಲ್ಕೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೊಸ ಮೇಣದ ಫಲಕವನ್ನಿಟ್ಟು ಮತ್ತೆ ಅದೇ ಕಾವಿನಿಂದ ಎತ್ತಿಕೊಳ್ಳಬೇಕಾದ ಆ ಮುದ್ರಣಕ್ರಮವನ್ನು ನೆನೆದರೆ, ರೋಗಿಯಾಗಿದ್ದ ವೃದ್ಧರೊಬ್ಬರು ಇದನ್ನು ನಿರ್ವಹಿಸಿದುದು ಸಾಮಾನ್ಯವಲ್ಲ. 1948ರಿಂದ ಮೂರು ಸಂಪುಟಗಳು ಹೊರಬಿದ್ದುವು. ಗೀತಗಳನ್ನು ಹಾಡಿದವರಲ್ಲಿ ಓಡ ಸ್ಲೊಬೊಡ್ಸ್‌ಕಾಯ, ಮಾರ್ಗರೆಟ್ ರಿಚಿ ಮೊದಲಾದವರಿದ್ದರು. ಎಲಿಜಬೆತ್ ಷ್ವಾರ್ಟ್ಸ್‌ಕಾಫ್ ಹಾಡಿದುದು ವಾಗ್ಗೇಯಕಾರರ ಜೊತೆಯಲ್ಲಿ 1950ರಲ್ಲಿ. ಮೂರನೆಯ ಕನ್ಚರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಅರಸನ ಹೆಸರನ್ನು ಅಂಕಿತದಲ್ಲಿಯೋ ಗ್ರಂಥಾರಂಭದಲ್ಲಿಯೋ ಇರಿಸುವ ನಮ್ಮ ಕವಿಗಳ ಸಂಪ್ರದಾಯ, ನಮ್ಮ ಅರಸರ ಮೂಲಕವೇ ರಷ್ಯದ ಕೃತಿಯೊಂದರ ಮೊದಲ ಪುಟಕ್ಕೆ ಬಂದುದು ವಿಚಿತ್ರವಾದ ಯೋಗ.

ಈ ವ್ಯವಹಾರದ ಮಧ್ಯವರ್ತಿ ಮೇಲೆ ಹೇಳಿದ ವಾಲ್ಟರ್ ಲೆಗ್. 1945ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದವನ್ನು ಸ್ಥಾಪಿಸಿದ ಇವರು ಮೈಸೂರಿಗೆ ಬಂದು ಅರಮನೆಯ ಅತಿಥಿಗಳಾಗಿದ್ದು, ಅಲ್ಲಿ ಕಂಡುದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಊಹಿಸಬಹುದಾದ ಎಲ್ಲ ಗಂಭೀರ ಸಂಗೀತದ ತಟ್ಟೆಗಳೂ, ಬಗೆಬಗೆಯ ಧ್ವನಿವರ್ಧಕಗಳೂ, ಹಲವು ದೊಡ್ಡ ಪಿಯಾನೊಗಳೂ ಇದ್ದ ಅರಮನೆಯ ವರ್ಣನೆ ಅಲ್ಲಿ ಬರುತ್ತದೆ. ಮೆಟ್ನರರ ತಟ್ಟೆಗಳಿಗಲ್ಲದೆ ಫಿಲ್ಹಾರ್ಮೋನಿಯದ ನಿರ್ವಹಣೆಗಾಗಿ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರೆಂದೂ ಅವರು ಹೇಳುತ್ತಾರೆ. ಈ ಬರಹ ಲೆಗ್ ತೀರಿಕೊಂಡ ಮೇಲೆ ಅವರ ಪತ್ನಿ ಷ್ವಾರ್ಟ್ಸ್‌ಕಾಫ್ 1982ರಲ್ಲಿ ಹೊರತಂದ ಗ್ರಂಥದಲ್ಲಿದೆ. ಘಟನೆ ನಡೆದು ದಶಕಗಳಾದ ಮೇಲೆ, ತನ್ನ ಸಾಧನೆಯನ್ನು ಹೇಳಿಕೊಳ್ಳುವುದರಲ್ಲಿ ಸಂಕೋಚವಿಲ್ಲದ ವ್ಯಕ್ತಿಯೊಬ್ಬರು ಬರೆದುದನ್ನು ಅಕ್ಷರಶಃ ಗ್ರಹಿಸುವುದು ಯುಕ್ತವಲ್ಲ. ಆದರೆ ಮುಖ್ಯಾಂಶಕ್ಕೆ ಬೇರೆ ಆಧಾರಗಳ ಬೆಂಬಲವಿದೆ. ತಟ್ಟೆಗಳಿವೆ, ಅರ್ಪಣೆಯಿದೆ, 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ ಮಹಾರಾಜರು ಮೊದಲ ಅಧ್ಯಕ್ಷರಾದ ಸಂಗತಿಯಿದೆ. ಅವರ ಇಷ್ಟದ ಕೃತಿಗಳಾಗಿದ್ದ ಬಾಲಕಿರೆವರ ಸಿಂಫನಿ, ರೂಸೆಲರ ನಾಲ್ಕನೆಯ ಸಿಂಫನಿಗಳನ್ನು 1949ರಲ್ಲಿ ಹರ್ಬರ್ಟ್ ಫಾನ್ ಕರಯಾನ್ ಇದೇ ವೃಂದದೊಡನೆ ಮುದ್ರಿಸಿದರು. ಕೇಳುಗನೊಬ್ಬನ ಅಭಿರುಚಿ ಮುದ್ರಣದ ಪಟ್ಟಿಯನ್ನು ರೂಪಿಸಿದುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಇವೆಲ್ಲಕ್ಕಿಂತ ಹೆಚ್ಚು ಪರಿಣಾಮಕಾರಿಯಾದುದು 1950ರ ಮೇ 22ರ ಘಟನೆ. ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತಗಳನ್ನು ಅಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲ್ಯಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದರು; ಫುರ್ಟ್‌ವೆಂಗ್ಲರ್ ನಿರ್ದೇಶಕರು. ಕಛೇರಿಗೆ 4,800 ಡಾಲರುಗಳ, ಎಂದರೆ ಆಗಿನ ವಿನಿಮಯದಲ್ಲಿ ಸುಮಾರು 23,000 ರೂಪಾಯಿಗಳ ಖಾತರಿಯನ್ನು ಜಯಚಾಮರಾಜ ಒಡೆಯರು ಕೊಟ್ಟಿದ್ದರು. ಅವರು ಕೇಳಿದುದು ಒಂದೇ: ಆ ಗಾಯನವನ್ನು ಮುದ್ರಿಸಿ ತಮ್ಮ ಸಂಗ್ರಹಕ್ಕಾಗಿ ಮೈಸೂರಿಗೆ ಕಳುಹಿಸಬೇಕು. ಸ್ವತಃ ಅವರು ಲಂಡನ್ನಿಗೆ ಹೋಗಲಾಗಲಿಲ್ಲ. ಆ ಸಂಜೆಯ ಗಾಯನ ಇಂದಿಗೂ ಕೇಳಲು ದೊರೆಯುತ್ತದೆ. ಧ್ವನಿ ಮಸುಕು, ತಟ್ಟೆಯ ಸದ್ದು ವಿಪರೀತ. ಆದರೂ ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಗೀತಗಳ ಪ್ರಥಮಗಾಯನಕ್ಕೆ ಸಾಕ್ಷ್ಯ ಅದೇ.

ಇನ್ನು ಕಹಿಯಾದ ಪ್ರಶ್ನೆಯನ್ನು ಎತ್ತಬೇಕಾಗಿದೆ. ಮೆಟ್ನರ್ ತಮ್ಮ ಕನ್ಚರ್ಟೊಗಳನ್ನು ಮುದ್ರಿಸಿದ 1947ನೆಯ ವರ್ಷವೇ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ಸಿನ ದರದಲ್ಲಿ 10,000 ಪೌಂಡೆಂದರೆ ಸುಮಾರು 1,33,000 ರೂಪಾಯಿ. ಮೂರು ವರ್ಷಕ್ಕೆ ನಾಲ್ಕು ಲಕ್ಷ. ತರುವಾಯ ಗೊತ್ತಾದ ಮೈಸೂರಿನ ರಾಜಧನ ವರ್ಷಕ್ಕೆ 26 ಲಕ್ಷ. ಅದರ ಇಪ್ಪತ್ತನೆಯ ಒಂದು ಪಾಲು ಲಂಡನ್ನಿನ ವಾದ್ಯವೃಂದಕ್ಕೆ! ಜನ ಬೀದಿಗಿಳಿದು ಲಾಠಿ ತಿನ್ನುತ್ತಿದ್ದಾಗ ಅರಸರು ರಷ್ಯದ ಸಂಗೀತ ಕೇಳುತ್ತಿದ್ದರೆಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟುಬಿಡುವುದು ಸುಲಭ. ನಾವು ಹಾಗೆ ಹೇಳಲಾರೆವು. ಆದರೆ ಇತಿಹಾಸಕಾರನು ಈ ಎರಡು ಸಂಗತಿಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ಮರೆಮಾಡುವುದನ್ನೂ ಒಪ್ಪಲಾರೆವು. ಒಬ್ಬರ ಅಭಿರುಚಿಯಿಂದ ಐನೂರು ಮಂದಿಯ ಕೆಲಸ ನಡೆಯುವಲ್ಲಿ ವೇಗವಿದೆ. ಆ ಒಬ್ಬರ ಅಧಿಕಾರ ಹೋದೊಡನೆ ಕೆಲಸ ನಿಲ್ಲುವ ಅಪಾಯವೂ ಇದೆ. 1950ರ ಜನವರಿಯಿಂದ ಮಹಾರಾಜರು ರಾಜಪ್ರಮುಖರಾದರು. ಮೆಟ್ನರ್ ಸಂಪುಟಗಳು ಮೂರಕ್ಕೆ ನಿಂತವು. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಕೃತಿಗಳೆಲ್ಲವನ್ನೂ ಮುದ್ರಿಸಬೇಕೆಂಬ ಸಂಕಲ್ಪ ಪೂರ್ಣವಾಗಲಿಲ್ಲ.

ಇದಕ್ಕಿಂತಲೂ ನಮ್ಮನ್ನು ಬಾಧಿಸುವ ಸಂಗತಿ ಬೇರೊಂದಿದೆ. ಅದೇ ಅರಮನೆಯ ಆಸ್ಥಾನದಲ್ಲಿ ಆಗ ಮೈಸೂರು ವಾಸುದೇವಾಚಾರ್ಯರಿದ್ದರು, ವೀಣೆ ವೆಂಕಟಗಿರಿಯಪ್ಪನವರಿದ್ದರು, ಏಳು ತಂತಿಯ ಪಿಟೀಲಿನ ಚೌಡಯ್ಯನವರಿದ್ದರು. ಮಹಾರಾಜರು ತಾವೇ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ಕರ್ನಾಟಕ ಸಂಗೀತದಲ್ಲಿ ರಚಿಸಿದವರು. ಆ ವಿದ್ವಾಂಸರ ಮೌಲ್ಯವನ್ನು ಅರಿಯದವರಲ್ಲ. ಹೀಗಿದ್ದರೂ ಮೆಟ್ನರರಿಗೆ ದೊರೆತಂಥ ಸಂಪುಟಮಾಲೆ ಇವರಲ್ಲಿ ಯಾರಿಗೂ ದೊರೆಯಲಿಲ್ಲ. ಎದುರಿಗೆ ಕುಳಿತು ನುಡಿಸುವವರನ್ನು ತಟ್ಟೆಯಲ್ಲಿ ಹಿಡಿದಿಡಬೇಕೆಂದು ತೋರದಿರುವುದು ಪ್ರಾಯಶಃ ಸಹಜ. ಲಂಡನ್ನಿನ ಮೆಟ್ನರರನ್ನು ಮೈಸೂರಿನಲ್ಲಿ ಕೇಳಬೇಕಾದರೆ ತಟ್ಟೆಯೇ ಗತಿ. ವೆಂಕಟಗಿರಿಯಪ್ಪನವರನ್ನು ಕೇಳಬೇಕಾದರೆ ಹೇಳಿಕಳುಹಿಸಿದರೆ ಸಾಕು. ಅವರು 1952ರಲ್ಲಿ ತೀರಿಕೊಂಡರು. ನಾಲ್ಕು ನಿಮಿಷದ ಮುಖದ ಮೇಲೆ ತಾನವನ್ನು ಹಿಡಿಸುವುದು ಕಷ್ಟವಾಗಿದ್ದಿತೆಂಬುದು ನಿಜ. ದೀರ್ಘಕಾಲದ ತಟ್ಟೆಗಳು ಅಮೆರಿಕದಲ್ಲಿ ಬಂದುದೇ 1948ರಲ್ಲಿ. ಆದರೂ ಕನ್ಚರ್ಟೊವನ್ನು ತುಂಡುಮಾಡಿ ಮುದ್ರಿಸಿದವರು ರಾಗಾಲಾಪನೆಯನ್ನೂ ಹಾಗೆಯೇ ಮುದ್ರಿಸಬಹುದಾಗಿದ್ದಿತಲ್ಲವೆ?

ಮೆಟ್ನರ್ ತಟ್ಟೆಗಳ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅವರ ಪತ್ನಿ ಆನ್ನಾ 1958ರಲ್ಲಿ ಮಾಸ್ಕೋಗೆ ಹಿಂದಿರುಗಿದರು. 1959ರಿಂದ 1963ರವರೆಗೆ ಅಲ್ಲಿ ಅವರ ಸಮಗ್ರ ಕೃತಿಗಳು ಅಚ್ಚಾದುವು. ಮೈಸೂರಿನ ಹಣದಿಂದಾದ ಮುದ್ರಣಗಳು ಮುಂದೆ ಸಿ.ಡಿ.ಗಳಾಗಿಯೂ ಹೊರಬಂದುವು. ಇಂದು ಮೆಟ್ನರರನ್ನು ನುಡಿಸುವವರು ಹೆಚ್ಚಿದ್ದಾರೆ. ವಾಗ್ಗೇಯಕಾರರ ಸ್ವಂತ ಕೈಯ ನಡೆ ಯಾವುದೆಂದು ತಿಳಿಯಬೇಕಾದವರು ಆಧರಿಸುವುದು ಮುಖ್ಯವಾಗಿ ಇವುಗಳನ್ನೇ. ಬೆಂಗಳೂರಿನಲ್ಲಿ ಮಹಾರಾಜರ ಸೋದರಿ ವಿಜಯಾದೇವಿಯವರು 1974ರಲ್ಲಿ ಸಂಗೀತಕ್ಕೂ ಕಲೆಗಳಿಗೂ ಅಂತರರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಯಚಾಮರಾಜ ಒಡೆಯರು ತೀರಿಕೊಂಡರು.

ಮೈಸೂರಿನ ಹಣ ಲಂಡನ್ನಿಗೆ ಹೋಗಿ ರಷ್ಯದ ಸಂಗೀತವನ್ನು ಉಳಿಸಿದ ಮೂವತ್ತಾರು ವರ್ಷಗಳ ತರುವಾಯ ಪ್ರವಾಹ ತಿರುಗಿ ಹರಿದ ಒಂದು ಉದಾಹರಣೆಯನ್ನು ಇಲ್ಲಿ ಕೊಡುವುದು ಅಪ್ರಸ್ತುತವಾಗದು. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಲಯವಾದ್ಯಶಾಲೆಯ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ ಅವರೂ ಗಾಯಕಿ ಆರ್. ಎ. ರಮಾಮಣಿ ಅವರೂ 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗಿಗೆ ಹೋಗಿ, ಅಮೆರಿಕದ ಜಾಝ್ ಸ್ಯಾಕ್ಸಫೋನ್ ವಾದಕರಾದ ಚಾರ್ಲಿ ಮರಿಯಾನೊ ಅವರೊಡನೆ ‘ಜ್ಯೋತಿ’ ಎಂಬ ತಟ್ಟೆಯನ್ನು ಮಾಡಿದರು. ಮರಿಯಾನೊ ದಕ್ಷಿಣಭಾರತದಲ್ಲಿದ್ದು ನಾಗಸ್ವರವನ್ನು ಅಭ್ಯಾಸ ಮಾಡಿದವರು. ಪ್ರಕಟಿಸಿದುದು ಮ್ಯೂನಿಕ್ಕಿನ ಇ.ಸಿ.ಎಂ. ಸಂಸ್ಥೆ, ಕೊಂಡವರು ಹೆಚ್ಚಾಗಿ ಯೂರೋಪಿನ ಜಾಝ್ ಕೇಳುಗರು. ನಮ್ಮ ಗಮನಕ್ಕೆ ಬಂದ ಅಂಶ ಚಿಕ್ಕದು. ಘಟ, ಮೋರ್ಸಿಂಗ್, ಖಂಜಿರ, ಕೊನ್ನಕೋಲುಗಳ ಕೆಲಸ ಹೊತ್ತ ಆರ್. ಎ. ರಾಜಗೋಪಾಲ್, ಟಿ. ಎನ್. ಶಶಿಕುಮಾರ್ ಇಬ್ಬರ ಹೆಸರೂ ಆ ತಟ್ಟೆಯ ವಿವರದಲ್ಲಿ ಮುಖ್ಯ ಕಲಾವಿದರ ಹೆಸರಿನೊಡನೆಯೇ ಇವೆ. ಗೇಬ್ಲರರೂ ದೆಲೋನೆಯವರೂ ಹಾಕಿಕೊಟ್ಟ ಪದ್ಧತಿಯ ಫಲವಾಗಿ ಬೆಂಗಳೂರಿನ ಖಂಜಿರ ವಾದಕರೊಬ್ಬರು ಪ್ರಪಂಚದ ಜಾಝ್ ಸೂಚಿಗಳಲ್ಲಿ ಸೇರಿದರು. ನಮ್ಮ ನಾಟಕದ ತಟ್ಟೆಗಳ ತಬಲದವರು ಯಾವ ಸೂಚಿಯಲ್ಲಿಯೂ ಇಲ್ಲ.

ಈ ಕೊರತೆಯನ್ನು ತುಂಬಲು ಇಪ್ಪತ್ತು ಸಾವಿರ ತಟ್ಟೆಗಳಾಗಲಿ ಅರಮನೆಯಾಗಲಿ ಬೇಕಿಲ್ಲ. ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಮನೆಗಳಲ್ಲಿ ತಟ್ಟೆಗಳು ಕಂಡುಬಂದಲ್ಲಿ ಚೀಟಿಯ ಮೇಲಿನ ಬರಹವನ್ನು ಇದ್ದ ಹಾಗೆ, ತಪ್ಪಿದ್ದರೆ ತಪ್ಪನ್ನೂ ಸೇರಿಸಿ, ನಕಲು ಮಾಡಿಕೊಳ್ಳಬೇಕು. ಮನೆಯ ಹಿರಿಯರು ಬದುಕಿದ್ದರೆ ಪಕ್ಕವಾದ್ಯದವರು ಯಾರೆಂದು ಕೇಳಿ ಬೇರೆಯಾಗಿ ಬರೆದಿಡಬೇಕು. ತಟ್ಟೆಯನ್ನು ಶುಚಿಮಾಡಲು ಸ್ಪಿರಿಟನ್ನು ಉಪಯೋಗಿಸಲೇಕೂಡದು. ಹಳೆಯ ತಟ್ಟೆ ಅರಗಿನದು, ಸ್ಪಿರಿಟು ತಾಗಿದರೆ ಗೀರುಗಳೇ ಕರಗುತ್ತವೆ. ಚೀಟಿ ಹೋಗಿದ್ದರೂ ನಿರಾಶರಾಗಬೇಕಾಗಿಲ್ಲ. ಚೀಟಿಗೂ ಗೀರುಗಳಿಗೂ ನಡುವಣ ನುಣುಪಾದ ಪಟ್ಟಿಯಲ್ಲಿ, ಫಲಕವನ್ನು ಕೊರೆದ ದಿನ ಕಂಪನಿಯವರು ಹಾಕಿದ ಕ್ರಮಾಂಕವಿರುತ್ತದೆ; ದೀಪವನ್ನು ಓರೆಯಾಗಿ ಹಿಡಿದರೆ ಕಾಣಿಸುತ್ತದೆ. ಒಂದೇ ಪ್ರವಾಸದಲ್ಲಿ ಮುದ್ರಿಸಿದ ತಟ್ಟೆಗಳ ಅಂಕಗಳು ಒಂದರ ಪಕ್ಕದಲ್ಲೊಂದು ಬರುವುದರಿಂದ, ಹೆಸರು ತಿಳಿದ ತಟ್ಟೆಯೊಂದು ಬೇರೆಡೆ ಸಿಕ್ಕರೆ ತಿಳಿಯದ ತಟ್ಟೆಯ ಕಾಲವೂ ಸ್ಥಳವೂ ಗೊತ್ತಾಗುವ ಸಂಭವವುಂಟು. ಮಹಾಲಕ್ಷ್ಮಿ ಲೇಔಟಿನ ಆ ಕಟ್ಟಿನಲ್ಲಿ ಎರಡು ಮೂರರ ಹೊರತು ಉಳಿದ ತಟ್ಟೆಗಳ ಅಂಕಗಳನ್ನು ಹೀಗೆ ಓದಿ ಬರೆದುಕೊಂಡಿದ್ದೇವೆ; ಮನೆಯವರು ತಟ್ಟೆಗಳನ್ನು ಗುಜರಿಗೆ ಹಾಕದೆ ಹೊಸ ಮನೆಯಲ್ಲಿ ಇರಿಸಿಕೊಳ್ಳಲು ಒಪ್ಪಿದ್ದಾರೆ.